ಬೆರಳಿಗೆ 98, ಗಡ್ಡೆಗೆ ಬರ

ಗರ್ಭಕಂಠದ ಕ್ಯಾನ್ಸರ್‌ಗೆ ರೇಡಿಯೇಷನ್ ಶುರು ಮಾಡುವ ಮೊದಲು ರಕ್ತ ಏಕೆ ಏರಿಸುತ್ತಾರೆ ಎಂದು ವಾರ್ಡಿನಲ್ಲಿ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ‘ಮೈಗೆ ಶಕ್ತಿ ಬರಲಿ ಎಂದು.’ ಸುಳ್ಳೇನೂ ಅಲ್ಲ. ಆದರೆ ನನ್ನ ಹಿಮೋಗ್ಲೋಬಿನ್ 7.8 ಎಂದು ಓದಿದ ವಿಕಿರಣ ತಜ್ಞೆ ಹುಬ್ಬು ಗಂಟಿಕ್ಕಿದ್ದು ನನ್ನ ಸುಸ್ತಿನ ಸಲುವಾಗಿ ಆಗಿರಲಿಲ್ಲ. ಅವರ ಚಿಂತೆಯೆಲ್ಲ ಗಡ್ಡೆಯದು. ‘ಗಡ್ಡೆಗೆ ಆಮ್ಲಜನಕ ತಲುಪದಿದ್ದರೆ ನಾವು ಕೊಡುವ ಕಿರಣ ಅರೆಬರೆ ಕೆಲಸ ಮಾಡುತ್ತದೆ ಅಮ್ಮ, ಮೊದಲು ಇದನ್ನು ಹತ್ತರ ಮೇಲೆ ತರೋಣ’ ಎಂದರು. ಕೊಲ್ಲಬೇಕಾದ ಗಡ್ಡೆಗೆ ಮೊದಲು ಉಸಿರು ಕೊಡಬೇಕು ಎಂಬ ಮಾತು ನಮ್ಮ ಯಜಮಾನರಿಗೆ ತೀರಾ ವಿಚಿತ್ರವಾಗಿ ಕೇಳಿಸಿತು. ನನಗೆ ಕುತೂಹಲ ಹುಟ್ಟಿತು.

ನಾನು ತಿಪಟೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ಮೊದಲು ಕಲೆಯಷ್ಟು, ಆಮೇಲೆ ಹಿಡಿತಕ್ಕೆ ಸಿಗದಷ್ಟು. ತಿಪಟೂರಿನಲ್ಲಿ ಬಯಾಪ್ಸಿ, ಬೆಂಗಳೂರಿನಲ್ಲಿ ಎಂಆರ್‌ಐ. ಗಡ್ಡೆ ಗರ್ಭಕಂಠವನ್ನು ದಾಟಿ ಪಕ್ಕದ ಅಂಗಾಂಶಕ್ಕೆ ಕಾಲಿಟ್ಟಿತ್ತು, ಹಂತ 2ಬಿ. ಈ ಹಂತದಲ್ಲಿ ಶಸ್ತ್ರಚಿಕಿತ್ಸೆಗಿಂತ ಕಿರಣವೇ ಮೇಲು; ಐದು ವಾರ ಹೊರಗಿನಿಂದ ರೇಡಿಯೇಷನ್, ಜೊತೆಗೆ ವಾರಕ್ಕೊಮ್ಮೆ ಸಿಸ್ಪ್ಲಾಟಿನ್ ಕಿಮೋ, ಕೊನೆಗೆ ಒಳಗಿನಿಂದ ರೇಡಿಯೇಷನ್ ಎಂದು ತಜ್ಞೆ ಕಾಗದದ ಮೇಲೆ ಬರೆದು ತೋರಿಸಿದರು. ನಮ್ಮ ಕಡೆಯವರು ‘ಕರೆಂಟ್ ಕೊಡಿಸುವುದು’ ಎನ್ನುವುದು ಇದನ್ನೇ. ತಮ್ಮನ ಮನೆ ವಿಜಯನಗರದಲ್ಲಿದ್ದುದರಿಂದ ಉಳಿದುಕೊಳ್ಳುವ ಚಿಂತೆ ಇರಲಿಲ್ಲ.

ದಾಖಲಾದ ದಿನ ನರ್ಸ್ ನನ್ನ ಬೆರಳಿಗೆ ಆಕ್ಸಿಮೀಟರಿನ ಕ್ಲಿಪ್ ಸಿಕ್ಕಿಸಿದರು. 98. ಕೋವಿಡ್ ಕಾಲದಲ್ಲಿ ಆ ಅಂಕಿಯನ್ನು ಜಪಿಸಿದ ನಮ್ಮ ಯಜಮಾನರು ತಕ್ಷಣ ಕೇಳಿದರು: ‘ಡಾಕ್ಟರೇ, ಆಮ್ಲಜನಕ 98 ಇದೆ. ಇನ್ನೆಲ್ಲಿಯ ಕೊರತೆ?’ ತಜ್ಞೆ ನನ್ನ ಕಡೆ ತಿರುಗಿ ‘ಟೀಚರ್, ನೀವೇ ಹೇಳಿಬಿಡಿ’ ಎಂದು ನಕ್ಕರು. ಹೇಳಿದೆ. ರಕ್ತದ ಹಿಮೋಗ್ಲೋಬಿನ್ ಬಸ್ಸು, ಆಮ್ಲಜನಕ ಪ್ರಯಾಣಿಕ. ಬೆರಳಿನ ಕ್ಲಿಪ್ ತೋರಿಸುವುದು ಬಂದ ಬಸ್ಸುಗಳಲ್ಲಿ ಸೀಟು ಎಷ್ಟು ತುಂಬಿವೆ ಎಂಬುದನ್ನು. ಎಷ್ಟು ಬಸ್ಸು ಓಡುತ್ತಿವೆ ಎಂಬುದನ್ನು ಅದು ಹೇಳುವುದಿಲ್ಲ. ನನ್ನಲ್ಲಿ ಬಸ್ಸೆಲ್ಲ ತುಂಬಿಯೇ ಓಡುತ್ತಿದ್ದವು, ಆದರೆ ಡಿಪೊದಲ್ಲಿ ಅರ್ಧದಷ್ಟು ಬಸ್ಸೇ ಇರಲಿಲ್ಲ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕ: ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಹಿಮೋಗ್ಲೋಬಿನ್ 13, ಅಂದರೆ ನೂರು ಮಿಲಿಲೀಟರಿಗೆ 13 ಗ್ರಾಂ, ಇರುವವರ ನೂರು ಮಿಲಿಲೀಟರ್ ರಕ್ತ ಹದಿನೇಳು ಮಿಲಿಲೀಟರಿನಷ್ಟು ಆಮ್ಲಜನಕ ಒಯ್ಯುತ್ತದೆ. 7.8 ಇರುವ ನನ್ನ ರಕ್ತ ಒಯ್ಯುತ್ತಿದ್ದುದು ಹತ್ತು ಚಿಲ್ಲರೆ. ಹಿಮೋಗ್ಲೋಬಿನ್ನಿನ ಹಂಗಿಲ್ಲದೆ ರಕ್ತದ ನೀರಿನಲ್ಲಿ ನೇರವಾಗಿ ಕರಗಿರುವುದು 0.3 ಮಾತ್ರ. ಈ ಕೊನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ನನ್ನ ತಮ್ಮ ಮನೆಗೆ ಹೊತ್ತು ತಂದ ಯಂತ್ರದ ಕಥೆಯಲ್ಲಿ ಅದು ಬರುತ್ತದೆ.

ಕಿರಣಕ್ಕೂ ಆಮ್ಲಜನಕಕ್ಕೂ ಏನು ಸಂಬಂಧ? ಎಕ್ಸ್-ಕಿರಣ ಜೀವಕೋಶದೊಳಗೆ ಹಾದುಹೋಗುವಾಗ ಅಲ್ಲಿನ ನೀರಿನಿಂದ ಮುಕ್ತ ರ‍್ಯಾಡಿಕಲ್‌ಗಳೆಂಬ ಚುರುಕು ಕಣಗಳನ್ನು ಎಬ್ಬಿಸುತ್ತದೆ, ಅವು ಡಿಎನ್‌ಎಯನ್ನು ಹರಿಯುತ್ತವೆ. ಪಕ್ಕದಲ್ಲಿ ಆಮ್ಲಜನಕ ಇದ್ದರೆ ಅದು ಹರಿದ ಜಾಗಕ್ಕೆ ಅಂಟಿಕೊಂಡು ಗಾಯವನ್ನು ಕಾಯಂ ಮಾಡಿಬಿಡುತ್ತದೆ. ಇಲ್ಲದಿದ್ದರೆ ಎಷ್ಟೋ ಗಾಯಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಆಮ್ಲಜನಕವಿಲ್ಲದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಕಿರಣ ಬೇಕು. ಅಷ್ಟು ಕೊಟ್ಟರೆ ಸುತ್ತಲಿನ ಮೂತ್ರಕೋಶ, ಕರುಳು ಉಳಿಯುವುದಿಲ್ಲ.

ಗಡ್ಡೆ ಏಕೆ ಉಸಿರುಗಟ್ಟುತ್ತದೆ ಎಂಬುದಕ್ಕೂ ಉತ್ತರವಿದೆ. ಅದು ಬೆಳೆಯುವ ಆತುರದಲ್ಲಿ ತನಗೆ ಬೇಕಾದ ರಕ್ತನಾಳಗಳನ್ನು ಅಡ್ಡಾದಿಡ್ಡಿ ಕಟ್ಟಿಕೊಳ್ಳುತ್ತದೆ. ಕೆಲವು ನಾಳಗಳು ಕುರುಡು ತುದಿಯವು, ಕೆಲವು ಒಮ್ಮೆ ತೆರೆದು ಒಮ್ಮೆ ಮುಚ್ಚುವಂಥವು. ನಾಳದಿಂದ ಹೊರಬಂದ ಆಮ್ಲಜನಕ ದಾರಿಯಲ್ಲಿರುವ ಕೋಶಗಳಿಗೆ ಖರ್ಚಾಗುತ್ತ ಒಂದು ಮಿಲಿಮೀಟರಿನ ಏಳನೇ ಒಂದು ಭಾಗದಷ್ಟು ದೂರ ಹೋಗುವಷ್ಟರಲ್ಲಿ ಮುಗಿದುಹೋಗುತ್ತದೆ. ಅದರಾಚೆಗಿನ ಕೋಶಗಳು ಸಾಯುತ್ತವೆ. ಸತ್ತವುಗಳ ಅಂಚಿನಲ್ಲಿ, ಸಾಯದೆ ಕುಟುಕು ಜೀವ ಹಿಡಿದುಕೊಂಡು ಕುಳಿತ ಕೋಶಗಳೇ ಕಿರಣಕ್ಕೆ ಜಗ್ಗದ ಮೊಂಡರು.

1955ರಲ್ಲಿ ಶ್ವಾಸಕೋಶದ ಗಡ್ಡೆಗಳ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ಈ ಅಂತರವನ್ನು ಮೊದಲು ಹೇಳಿದವರು ಇಂಗ್ಲೆಂಡಿನ ಥಾಮ್ಲಿನ್ಸನ್ ಮತ್ತು ಗ್ರೇ. ಈ ಗ್ರೇ ಭೌತವಿಜ್ಞಾನಿ. ರೇಡಿಯೇಷನ್ ಪಡೆದವರೆಲ್ಲರ ಫೈಲಿನಲ್ಲಿ ಅವರ ಹೆಸರು ಇರುತ್ತದೆ. ಕಿರಣದ ಪ್ರಮಾಣವನ್ನು ಅಳೆಯುವ ಮಾನ ಅವರ ಹೆಸರಿನದೇ. ಕಿಲೋಗ್ರಾಮಿಗೆ ಒಂದು ಜೂಲ್ ಶಕ್ತಿ ಸೇರಿದರೆ ಒಂದು ಗ್ರೇ. ನನ್ನ ಹಾಳೆಯ ಮೇಲೆ ‘ದಿನಕ್ಕೆ 2 ಗ್ರೇ, ಒಟ್ಟು 50’ ಎಂದು ಬರೆದಿದ್ದರು. ಗರ್ಭಕಂಠದ ಗಡ್ಡೆಗೆ ಈ ಮಾತು ಎಷ್ಟು ಅನ್ವಯಿಸುತ್ತದೆ ಎಂಬುದನ್ನು 1990ರ ದಶಕದಲ್ಲಿ ಜರ್ಮನಿಯ ಮೈನ್ಸ್ ನಗರದಲ್ಲಿ ಹ್ಯೋಕೆಲ್ ಮತ್ತು ಫೌಪೆಲ್ ತಂಡ ಸೂಜಿಯಂಥ ಎಲೆಕ್ಟ್ರೋಡನ್ನು ನೇರವಾಗಿ ಗಡ್ಡೆಯೊಳಗೆ ಇಳಿಸಿ ಅಳೆಯಿತು. ಆರೋಗ್ಯವಂತ ಗರ್ಭಕಂಠದಲ್ಲಿ ಆಮ್ಲಜನಕದ ಒತ್ತಡ ಪಾದರಸದ ನಲವತ್ತು ಮಿಲಿಮೀಟರಿನ ಆಸುಪಾಸು. ಗಡ್ಡೆಗಳಲ್ಲಿ ಹತ್ತರ ಆಸುಪಾಸು. ಹತ್ತಕ್ಕಿಂತ ಕೆಳಗಿದ್ದವರಲ್ಲಿ ಚಿಕಿತ್ಸೆಯ ಫಲ ಕಳಪೆ. ನನಗೆ ಯಾರೂ ಸೂಜಿ ಚುಚ್ಚಿ ಅಳೆಯಲಿಲ್ಲ, ಅಂಥದ್ದು ದಿನನಿತ್ಯದ ಆಸ್ಪತ್ರೆಗಳಲ್ಲಿ ಇಲ್ಲ. ಹಿಮೋಗ್ಲೋಬಿನ್ ನೋಡಿ ಅಂದಾಜು ಕಟ್ಟುತ್ತಾರೆ.

ಹಾಗಾಗಿ ಮೊದಲ ಕೆಲಸ ರಕ್ತ. ರಕ್ತನಿಧಿಯವರು ‘ನಿಮ್ಮ ಗುಂಪಿನದು ಇದೆ, ಆದರೆ ಬದಲಿಗೆ ದಾನಿಗಳನ್ನು ಕರೆತನ್ನಿ’ ಎಂದರು. ಸುದ್ದಿ ತಿಳಿದು ನಮ್ಮ ಶಾಲೆಯ ಶಿಕ್ಷಕಿಯರು ಭಾನುವಾರ ಬೆಳಿಗ್ಗೆ ರೈಲು ಹತ್ತಿ ಬಂದರು. ಕನ್ನಡ ಮೇಡಂ, ಹಿಂದಿ ಮೇಡಂ, ಗಣಿತದ ಹುಡುಗಿ, ಬಿಸಿಯೂಟದ ಅಕ್ಕ. ರಕ್ತ ಕೊಡಬೇಕಾದರೆ ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು. ಬೆರಳು ಚುಚ್ಚಿ ನೋಡಿದರೆ ಒಬ್ಬರದೂ ಅಷ್ಟಿಲ್ಲ! ನನಗೆ ಕೊಡಲು ಬಂದವರಿಗೇ ಕಬ್ಬಿಣದ ಮಾತ್ರೆ ಬರೆದುಕೊಟ್ಟು ಕಳಿಸಿದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಶೇಕಡ 48ರ ಹತ್ತಿರ. ಅಂಕಿಯನ್ನು ಪಾಠ ಮಾಡಿದ್ದೆ, ರಕ್ತನಿಧಿಯ ಬೆಂಚಿನ ಮೇಲೆ ಅದು ಸಾಲಾಗಿ ಕುಳಿತದ್ದನ್ನು ಆ ಭಾನುವಾರ ನೋಡಿದೆ. ಕೊನೆಗೆ ಕೊಟ್ಟವರು ನಮ್ಮ ದೈಹಿಕ ಶಿಕ್ಷಕರು ಮತ್ತು ಸೂಜಿ ಕಂಡರೆ ಬೆವರುವ ನನ್ನ ಅಳಿಯ. ತಮ್ಮನ ಹೆಂಡತಿ ಇಂದಿಗೂ ಅವನ ಬೆವರಿನ ಕಥೆಯನ್ನು ಬಣ್ಣಿಸಿ ಹೇಳುತ್ತಾಳೆ.

ಏರಿಸುವುದು ಪೂರ್ತಿ ರಕ್ತವನ್ನಲ್ಲ, ಕೆಂಪು ಕಣಗಳನ್ನು ಮಾತ್ರ. ಚೀಲ ಫ್ರಿಜ್ಜಿನಿಂದ ಬಂದಾಗ ಕಪ್ಪಿಗೆ ಹತ್ತಿರದ ಕೆಂಪು, ಮುಟ್ಟಿದರೆ ತಣ್ಣಗೆ. ಇಬ್ಬರು ನರ್ಸ್‌ಗಳು ಎದುರುಬದುರು ನಿಂತು ನನ್ನ ಹೆಸರು, ಆಸ್ಪತ್ರೆಯ ನೋಂದಣಿ ಸಂಖ್ಯೆ, ರಕ್ತದ ಗುಂಪು, ಚೀಲದ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಎಲ್ಲವನ್ನೂ ಗಟ್ಟಿಯಾಗಿ ಓದಿದರು. ಒಬ್ಬರು ಓದಿದ್ದನ್ನು ಇನ್ನೊಬ್ಬರು ನನ್ನ ಕೈಪಟ್ಟಿಯಲ್ಲಿ ಬೆರಳಿಟ್ಟು ಹೊಂದಿಸಿದರು. ಸಲೈನ್ ಕೊಳವೆಗಿಂತ ಇದರ ಕೊಳವೆ ಬೇರೆ, ನಡುವೆ ಜಾಲರಿಯ ಸೋಸುಗ ಇರುತ್ತದೆ. ಮೊದಲ ಕಾಲು ಗಂಟೆ ಹನಿ ತೀರಾ ನಿಧಾನ. ಅಷ್ಟು ಹೊತ್ತೂ ಹಿರಿಯ ಸಿಸ್ಟರ್ ಮಂಚ ಬಿಟ್ಟು ಕದಲಲಿಲ್ಲ. ‘ಮೈ ತುರಿಸುತ್ತದೆಯಾ, ಸೊಂಟ ನೋಯುತ್ತದೆಯಾ, ಚಳಿ ಬರುತ್ತದೆಯಾ’ ಎಂದು ಕೇಳುತ್ತಲೇ ಇದ್ದರು. ತೋಳಿನ ಒಳಭಾಗದಲ್ಲಿ ತಂಪೊಂದು ಮೇಲಕ್ಕೆ ಹರಿಯುವುದು ಸ್ಪಷ್ಟವಾಗಿ ಗೊತ್ತಾಯಿತು, ಕಂಬಳಿ ಕೇಳಿದೆ. ಶುರುವಾದ ನಾಲ್ಕು ಗಂಟೆಯೊಳಗೆ ಚೀಲ ಮುಗಿಯಲೇಬೇಕು ಎಂಬ ನಿಯಮವಿದೆ. ಒಂದು ಚೀಲಕ್ಕೆ ಹಿಮೋಗ್ಲೋಬಿನ್ ಹೆಚ್ಚುಕಡಿಮೆ ಒಂದು ಗ್ರಾಂ ಏರುತ್ತದೆ ಎಂದರು, ನನಗೂ ಹಾಗೆಯೇ ಏರಿತು. ಹತ್ತು ದಾಟಿದ ಮೇಲೆ ರೇಡಿಯೇಷನ್ನಿಗೆ ದಿನ ಗೊತ್ತು ಮಾಡಿದರು.

ಮೇಲಿನಿಂದ ತುಂಬುತ್ತ ಕೆಳಗಿನಿಂದ ಸೋರಲು ಬಿಟ್ಟರೆ ಪ್ರಯೋಜನವಿಲ್ಲ. ಗಾಜ್ ಬಟ್ಟೆಯನ್ನು ಬಿಗಿಯಾಗಿ ತುರುಕಿ ರಕ್ತ ನಿಲ್ಲಿಸಿದರು. ಹೆರಿಗೆಯ ನೋವು ಕಂಡವಳು ನಾನು, ಇದನ್ನು ಹಗುರ ಎನ್ನಲಾರೆ. ಜೊತೆಗೆ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ. ರೇಡಿಯೇಷನ್ ಶುರುವಾದ ಮೇಲೆ ಕಿರಣವೇ ಸ್ರಾವವನ್ನು ಒಣಗಿಸುತ್ತ ಬಂತು.

ಇಷ್ಟರಲ್ಲಿ ‘ಗಡ್ಡೆಗೆ ಆಮ್ಲಜನಕ ಬೇಕಂತೆ’ ಎಂಬ ಸುದ್ದಿ ನೆಂಟರಿಷ್ಟರಲ್ಲಿ ಹಬ್ಬಿತ್ತು. ಓರಗಿತ್ತಿ ಬೀಟ್‌ರೂಟ್ ರಸ, ಖರ್ಜೂರ, ನುಗ್ಗೆಸೊಪ್ಪಿನ ಪಲ್ಯ ಹೊತ್ತು ತಂದಳು. ಬೇಡವೆನ್ನಲಿಲ್ಲ, ರುಚಿಯಾಗಿತ್ತು; ಆದರೆ ಊಟದಿಂದ ಹಿಮೋಗ್ಲೋಬಿನ್ ಏರಲು ತಿಂಗಳುಗಳು ಬೇಕು, ಗಡ್ಡೆ ಅಷ್ಟು ತಾಳ್ಮೆಯದಲ್ಲ. ಭಾವನವರು ದಿನಾ ಬೆಳಿಗ್ಗೆ ಪ್ರಾಣಾಯಾಮ ಮಾಡು, ಆಮ್ಲಜನಕ ನೇರವಾಗಿ ಹೊಟ್ಟೆಗೆ ಇಳಿಯುತ್ತದೆ ಎಂದರು. ಮಾಡಿದೆ. ನಿದ್ದೆ ಚೆನ್ನಾಗಿ ಬಂತು, ಅದೇ ದೊಡ್ಡ ಲಾಭ. ಆದರೆ ಈಗಾಗಲೇ 98 ತುಂಬಿರುವ ಹಿಮೋಗ್ಲೋಬಿನ್ ಆಳವಾಗಿ ಉಸಿರೆಳೆದರೆ ನೂರಕ್ಕಿಂತ ಹೆಚ್ಚು ತುಂಬಿಕೊಳ್ಳುವುದಿಲ್ಲ.

ತಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೋವಿಡ್ ಸಮಯದಲ್ಲಿ ಅವನ ಸ್ನೇಹಿತ ಕೊಂಡಿದ್ದ ಆಕ್ಸಿಜನ್ ಕಾನ್ಸಂಟ್ರೇಟರನ್ನು ಆಟೊದಲ್ಲಿ ತಂದು ನನ್ನ ಮಂಚದ ಪಕ್ಕ ನಿಲ್ಲಿಸಿದ. ರಾತ್ರಿಯೆಲ್ಲ ಮೂಗಿಗೆ ಕೊಳವೆ ಹಾಕಿಕೊಂಡು ಮಲಗು ಅಕ್ಕ ಎಂದ. ಇಲ್ಲಿ ಆ 0.3 ಬರುತ್ತದೆ. ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿ ಅಪ್ಪಟ ಆಮ್ಲಜನಕ ಎಳೆದರೂ ರಕ್ತದ ನೀರಿನಲ್ಲಿ ಕರಗುವುದು ನೂರು ಮಿಲಿಲೀಟರಿಗೆ ಎರಡು ಮಿಲಿಲೀಟರ್ ಹತ್ತಿರ. ಮೂಗಿನ ಕೊಳವೆಯಲ್ಲಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು ಬೇರೆ. ಕಿರಣ ಹಾಯುವ ಗಳಿಗೆಯಲ್ಲಿ, ಅಥವಾ ಹೆಚ್ಚೆಂದರೆ ಅದಾದ ಕೆಲವೇ ಮಿಲಿಸೆಕೆಂಡುಗಳಲ್ಲಿ, ಆಮ್ಲಜನಕ ಕೋಶದೊಳಗೆ ಇರಬೇಕು. ಕೊಳವೆ ತೆಗೆದ ಕೆಲವು ನಿಮಿಷಗಳಲ್ಲಿ ಹೆಚ್ಚುವರಿ ಆಮ್ಲಜನಕ ಇಳಿದುಹೋಗುತ್ತದೆ. ರಾತ್ರಿ ವಿಜಯನಗರದಲ್ಲಿ ಎಳೆದದ್ದು ಮರುದಿನ ಹನ್ನೊಂದು ಗಂಟೆಗೆ ಯಂತ್ರದ ಕೆಳಗೆ ಏನೂ ಉಳಿದಿರುವುದಿಲ್ಲ. ಏರಿಸಿದ ಕೆಂಪು ಕಣವಾದರೋ ವಾರಗಟ್ಟಲೆ ಮೈಯಲ್ಲೇ ಓಡಾಡುತ್ತ ಪ್ರತಿದಿನದ ಕಿರಣದ ಹೊತ್ತಿಗೆ ಹಾಜರಿರುತ್ತದೆ. ಇದನ್ನು ತಮ್ಮನಿಗೆ ಚಿತ್ರ ಬರೆದು ವಿವರಿಸಿದ ಮೇಲೆ ಯಂತ್ರ ವಾಪಸ್ಸು ಹೋಯಿತು. ಅದರ ಗುರುಗುರು ಸದ್ದು ತಪ್ಪಿತೆಂದು ಮನೆಯವರೆಲ್ಲ ಒಳಗೊಳಗೇ ಸಂತೋಷಪಟ್ಟರು.

ವಾಟ್ಸ್‌ಆ್ಯಪ್ಪಿನ ಕಥೆ ಬೇರೆಯೇ. ‘ಕ್ಯಾನ್ಸರ್ ಆಮ್ಲಜನಕ ಇರುವಲ್ಲಿ ಬದುಕಲಾರದು ಎಂದು ಕಂಡುಹಿಡಿದು ಓಟೊ ವಾರ್ಬರ್ಗ್ ನೊಬೆಲ್ ಪಡೆದರು, ವೈದ್ಯರು ಇದನ್ನು ಮುಚ್ಚಿಟ್ಟಿದ್ದಾರೆ’ ಎಂಬ ಸಂದೇಶ ಬೇರೆ ಬೇರೆ ನೆಂಟರಿಂದ ಮತ್ತೆ ಮತ್ತೆ ಬಂತು. ವಾರ್ಬರ್ಗ್ 1931ರಲ್ಲಿ ನೊಬೆಲ್ ಪಡೆದದ್ದು ಉಸಿರಾಟದ ಕಿಣ್ವದ ಸಂಶೋಧನೆಗೆ. ಗಡ್ಡೆಯ ಕೋಶಗಳು ಆಮ್ಲಜನಕ ಇದ್ದರೂ ಸಕ್ಕರೆಯನ್ನು ಹುದುಗಿಸಿ ಬದುಕುತ್ತವೆ ಎಂಬುದು ಅವರು ಗಮನಿಸಿದ ಸಂಗತಿ; ಆಮ್ಲಜನಕ ಕೊಟ್ಟರೆ ಸಾಯುತ್ತವೆ ಎಂಬುದಕ್ಕೆ ಅದು ತದ್ವಿರುದ್ಧ. ಕೋಶಗಳು ಆಮ್ಲಜನಕದ ಏರಿಳಿತವನ್ನು ಹೇಗೆ ಗ್ರಹಿಸುತ್ತವೆ ಎಂದು ತೋರಿಸಿದ್ದಕ್ಕೆ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆನ್ಜಾ ಅವರಿಗೆ 2019ರಲ್ಲಿ ನೊಬೆಲ್ ಬಂತು. ಆ ಸಂದೇಶ ಮಾತ್ರ ಯಾರೂ ಕಳಿಸಲಿಲ್ಲ. ಒಬ್ಬರಂತೂ ಹೈಡ್ರೋಜನ್ ಪೆರಾಕ್ಸೈಡನ್ನು ನೀರಿಗೆ ಹಾಕಿ ಕುಡಿಯಲು ಹೇಳಿದರು. ಅದು ಗಂಟಲು, ಹೊಟ್ಟೆಯನ್ನು ಸುಡುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಅದರ ಬಾಟಲಿಯನ್ನು ನಾನು ಬೀಗ ಹಾಕಿ ಇಡುತ್ತೇನೆ.

ಈ ಸಂದೇಶಗಳಲ್ಲೊಂದರ ಬಾಲ ಹಿಡಿದು ನಮ್ಮ ಯಜಮಾನರು ನಗರದ ಒಂದು ‘ಆಕ್ಸಿಜನ್ ಮತ್ತು ಓಜೋನ್ ಥೆರಪಿ’ ಕೇಂದ್ರಕ್ಕೆ ಫೋನ್ ಮಾಡಿದ್ದರು. ಅಲ್ಲಿಂದ ಮಾತಾಡಿದ ಹುಡುಗ ತುಂಬ ವಿನಯವಂತ. ಒತ್ತಡದ ಕೋಣೆಯಲ್ಲಿ ಮಲಗಿಸಿ ಆಮ್ಲಜನಕ ಕೊಡುತ್ತೇವೆ, ಗಡ್ಡೆ ಕರಗುತ್ತದೆ, ಪ್ಯಾಕೇಜ್ ಇದೆ ಎಂದ. ಹೇಳಿದ ಮೊತ್ತದಲ್ಲಿ ನಮ್ಮ ಮನೆಯ ಮಾಳಿಗೆ ಹಾಕಿಸಬಹುದಿತ್ತು. ಒತ್ತಡದ ಕೋಣೆ ಎಂಬುದು ಬುರುಡೆ ಏನಲ್ಲ. 1950ರ ದಶಕದಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಚರ್ಚಿಲ್-ಡೇವಿಡ್ಸನ್ ಎಂಬ ವೈದ್ಯರು ರೋಗಿಗಳನ್ನು ಮೂರು ವಾತಾವರಣದ ಒತ್ತಡದ ಆಮ್ಲಜನಕದ ಕೊಳವೆಯೊಳಗೆ ಮಲಗಿಸಿ, ಅದರೊಳಗೆ ಇರುವಾಗಲೇ ಕಿರಣ ಹಾಯಿಸಿದರು. ನಂತರದ ಪ್ರಯೋಗಗಳಲ್ಲಿ ತಲೆ-ಕುತ್ತಿಗೆ ಮತ್ತು ಗರ್ಭಕಂಠದ ಗಡ್ಡೆಗಳು ಹೆಚ್ಚು ಹತೋಟಿಗೆ ಬಂದದ್ದೂ ಉಂಟು. ಆದರೆ ದಿನವೂ ರೋಗಿಯನ್ನು ಕೊಳವೆಯೊಳಗೆ ತುರುಕಿ, ಒತ್ತಡ ಏರಿಸಿ, ಗುರಿ ಕದಲದಂತೆ ನೋಡಿಕೊಳ್ಳುವ ರಗಳೆಗೆ ಬೇಸತ್ತು ಅದನ್ನು ಕೈಬಿಟ್ಟರು. ಕಿರಣದ ಸುಳಿವೇ ಇಲ್ಲದ ಅಂಗಡಿಯಲ್ಲಿ ಬರೀ ಕೋಣೆಯನ್ನು ಮಾರುವವನಿಗೆ ಈ ಇತಿಹಾಸ ಗೊತ್ತಿರಲಾರದು, ಗೊತ್ತಿದ್ದರೆ ಇನ್ನೂ ಕೆಟ್ಟದ್ದು. ರೇಡಿಯೇಷನ್ ಮುಗಿದು ವರ್ಷಗಳ ಮೇಲೆ ಮೂತ್ರಕೋಶದಲ್ಲೋ ದವಡೆಯಲ್ಲೋ ಗಾಯ ಮಾಯದೆ ಉಳಿದವರಿಗೆ ಈ ಕೋಣೆಯನ್ನು ತಜ್ಞರೇ ಸೂಚಿಸುವುದುಂಟು. ಅದು ಬೇರೆ ಮಾತು.

ಔಷಧ ಅಂಗಡಿಯ ಪರಿಚಯದವರೊಬ್ಬರು ಇನ್ನೊಂದು ದಾರಿ ತೋರಿಸಿದರು: ಡಯಾಲಿಸಿಸ್ ರೋಗಿಗಳಿಗೆ ಕೊಡುವ ಎರಿತ್ರೊಪೊಯೆಟಿನ್ ಇಂಜೆಕ್ಷನ್. ರಕ್ತದಾನಿಗಳ ಹುಡುಕಾಟವಿಲ್ಲ, ಅಸ್ಥಿಮಜ್ಜೆಯೇ ರಕ್ತ ಮಾಡಿಕೊಳ್ಳುತ್ತದೆ. ನನಗೆ ಇದು ಬಹಳ ಸರಿ ಎನಿಸಿ ತಜ್ಞೆಯನ್ನು ಕೇಳಿದೆ. ಅವರು ಒಂದೇ ಉಸಿರಿಗೆ ಬೇಡವೆಂದರು. 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ, ರೇಡಿಯೇಷನ್ ಪಡೆಯುತ್ತಿದ್ದ ತಲೆ-ಕುತ್ತಿಗೆ ಕ್ಯಾನ್ಸರಿನವರಿಗೆ ಈ ಇಂಜೆಕ್ಷನ್ ಕೊಟ್ಟಾಗ ಹಿಮೋಗ್ಲೋಬಿನ್ ಚೆನ್ನಾಗಿಯೇ ಏರಿತ್ತು, ಗಡ್ಡೆಯ ಹತೋಟಿ ಮಾತ್ರ ಇಂಜೆಕ್ಷನ್ ಪಡೆಯದವರಿಗಿಂತ ಕೆಟ್ಟಿತ್ತು. ಗರ್ಭಕಂಠದ ಕ್ಯಾನ್ಸರಿನಲ್ಲಿ ನಡೆಸಿದ ಪ್ರಯೋಗವೊಂದನ್ನು ರಕ್ತ ಹೆಪ್ಪುಗಟ್ಟುವ ಭಯದಿಂದ ಅರ್ಧಕ್ಕೇ ನಿಲ್ಲಿಸಿದ್ದರು. ‘ಅಂಕಿ ಏರಿದರೆ ಸಾಲದು ಟೀಚರ್, ಹೇಗೆ ಏರಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ’ ಎಂದರು. ಹಾಗಾದರೆ ಏರಿಸಿದ ರಕ್ತಕ್ಕೆ ಪುರಾವೆ ಇದೆಯೇ ಎಂದು ನಾನೂ ಬಿಡಲಿಲ್ಲ. ಎಪ್ಪತ್ತರ ದಶಕದಲ್ಲಿ ಟೊರಾಂಟೊದ ಪ್ರಿನ್ಸೆಸ್ ಮಾರ್ಗರೆಟ್ ಆಸ್ಪತ್ರೆಯಲ್ಲಿ ಗರ್ಭಕಂಠದ ಕ್ಯಾನ್ಸರಿನವರಿಗೆ ರಕ್ತ ಏರಿಸಿ ಹಿಮೋಗ್ಲೋಬಿನ್ನನ್ನು ಮೇಲೆ ಇಟ್ಟಾಗ ಗಡ್ಡೆ ಅದೇ ಜಾಗದಲ್ಲಿ ಮರುಕಳಿಸುವುದು ಕಡಿಮೆಯಾಗಿತ್ತು; ಅದು ಸಣ್ಣ ಪ್ರಯೋಗ, ಅದರ ಲೆಕ್ಕವನ್ನು ಆಮೇಲೆ ಪ್ರಶ್ನಿಸಿದವರೂ ಇದ್ದಾರೆ. ಚಿಕಿತ್ಸೆಯ ಉದ್ದಕ್ಕೂ ಹಿಮೋಗ್ಲೋಬಿನ್ ಚೆನ್ನಾಗಿದ್ದವರು ಹೆಚ್ಚು ಬದುಕುತ್ತಾರೆ ಎಂಬುದರಲ್ಲಿ ಮಾತ್ರ ಜಗಳವಿಲ್ಲ. ಇಷ್ಟನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಕ್ಕೇ ಆ ತಜ್ಞೆಯ ಮೇಲೆ ನನಗೆ ನಂಬಿಕೆ ಹೆಚ್ಚಿತು.

ಇನ್ನು ದಿನನಿತ್ಯದ ರೇಡಿಯೇಷನ್. ಮೂತ್ರಕೋಶ ತುಂಬಿದ್ದರೆ ಕರುಳು ಮೇಲಕ್ಕೆ ಸರಿದು ಕಿರಣದಿಂದ ತಪ್ಪಿಸಿಕೊಳ್ಳುತ್ತದೆ; ಅದಕ್ಕೆ ಮೂತ್ರ ಮಾಡಿ ಬಂದು, ಅರ್ಧ ಲೀಟರ್ ನೀರು ಕುಡಿದು, ಮುಕ್ಕಾಲು ಗಂಟೆ ಹಿಡಿದುಕೊಂಡು ಕೂರಬೇಕು. ಕಾಯುವ ಹಜಾರದಲ್ಲಿ ನಮ್ಮಂಥ ಹೆಂಗಸರದೇ ಒಂದು ಸಾಲು, ಎಲ್ಲರ ಕೈಯಲ್ಲೂ ನೀರಿನ ಬಾಟಲಿ, ಎಲ್ಲರ ಕಣ್ಣೂ ಟೋಕನ್ ಫಲಕದ ಮೇಲೆ. ಒಳಗೆ ಹೋದರೆ ಹೊಟ್ಟೆ-ಸೊಂಟದ ಮೇಲೆ ಹಾಕಿದ ಗುರುತುಗಳನ್ನು ಹಸಿರು ಲೇಸರ್ ಗೆರೆಗೆ ಹೊಂದಿಸಿ ಎಲ್ಲರೂ ಹೊರಗೆ ಓಡುತ್ತಾರೆ. ಯಂತ್ರ ಸುತ್ತುತ್ತದೆ, ನೋವಿಲ್ಲ, ಬಿಸಿಯಿಲ್ಲ, ಕೆಲವೇ ನಿಮಿಷ.

ಒಂದೇ ಸಲ ಕೊಟ್ಟು ಮುಗಿಸದೆ ಐದು ವಾರ ಏಕೆ ಎಳೆಯುತ್ತಾರೆ ಎಂದು ಹಜಾರದಲ್ಲಿ ಎಲ್ಲರಿಗೂ ಬೇಸರ. ಆರೋಗ್ಯವಂತ ಕೋಶಗಳಿಗೆ ದುರಸ್ತಿಯ ಸಮಯ ಸಿಗಲಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನನ್ನನ್ನು ತುಂಬಾ ಹಿಡಿದದ್ದು. ಮೊದಲ ದಿನದ ಕಿರಣಕ್ಕೆ ಸಾಯುವವು ರಕ್ತನಾಳದ ಹತ್ತಿರದ, ಹೊಟ್ಟೆತುಂಬ ಆಮ್ಲಜನಕ ಉಂಡ ಕೋಶಗಳು. ಅವು ಸತ್ತು ಕರಗಿದಂತೆ ಅವು ಬಳಸುತ್ತಿದ್ದ ಆಮ್ಲಜನಕ ಉಳಿದು ಹಿಂದಿನ ಸಾಲಿಗೆ ಹೋಗುತ್ತದೆ, ಗಡ್ಡೆ ಕುಗ್ಗಿ ಹಿಂದಿನ ಸಾಲೇ ನಾಳದ ಹತ್ತಿರ ಬರುತ್ತದೆ. ನಿನ್ನೆ ಮೊಂಡು ಹಿಡಿದಿದ್ದ ಕೋಶ ಇವತ್ತು ಉಸಿರಾಡತೊಡಗುತ್ತದೆ, ಇವತ್ತಿನ ಕಿರಣಕ್ಕೆ ಬಲಿಯಾಗುತ್ತದೆ. ಹೀಗೆ ದಿನಕ್ಕೊಂದು ಪದರ. ಯಾವ ಸಿಲಿಂಡರೂ ಇಲ್ಲದೆ, ಯಾವ ಪ್ಯಾಕೇಜೂ ಇಲ್ಲದೆ, ಗಡ್ಡೆಗೆ ಆಮ್ಲಜನಕ ಹೆಚ್ಚಿಸುವ ಅತಿ ದೊಡ್ಡ ಉಪಾಯ ಆ ದಿನಚರಿಯೊಳಗೇ ಅಡಗಿದೆ. ಹಜಾರದಲ್ಲಿ ಗುಬ್ಬಿಯ ಕಡೆಯ ಒಬ್ಬ ಅಜ್ಜಿಗೆ ಇದನ್ನು ಹೇಳಿದೆ. ‘ಹಂಗಾದರೆ ಒಂದು ದಿನವೂ ತಪ್ಪಿಸಬಾರದು ಅನ್ನು’ ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿದರು.

ತಪ್ಪಿಸಿದವಳು ನಾನಲ್ಲ, ಯಂತ್ರ. ನಡುವೆ ಅದು ಕೆಟ್ಟು ನಿಂತಿತು. ಅರ್ಧ ಲೀಟರ್ ನೀರು ಕುಡಿದು ಕೂತವರನ್ನು ಗಂಟೆಗಟ್ಟಲೆ ಕಾಯಿಸಿ, ಸಂಜೆ ‘ನಾಳೆ ಬನ್ನಿ’ ಎಂದರು. ಮರುದಿನವೂ ಅದೇ ರಾಗ. ಬೆಳಿಗ್ಗೆಯೇ ಒಂದು ಫೋನ್ ಮಾಡಿ ಹೇಳುವ ವ್ಯವಸ್ಥೆ ಇಲ್ಲದ್ದು ನನ್ನನ್ನು ನಿಜಕ್ಕೂ ಕೆರಳಿಸಿತು. ಊರಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದವರ ಪಾಡು ಕೇಳಬೇಡಿ. ಹೊರಗಿನ ಮತ್ತು ಒಳಗಿನ ರೇಡಿಯೇಷನ್ ಎರಡೂ ಸೇರಿ ಎಂಟು ವಾರದೊಳಗೆ ಮುಗಿಯಬೇಕು, ಎಳೆದಷ್ಟೂ ಉಳಿದ ಕೋಶಗಳು ಮರಿಹಾಕುತ್ತವೆ ಎಂದು ಗೊತ್ತಿದ್ದುದರಿಂದ ನಾನು ಕಿರಣದ ಲೆಕ್ಕ ನೋಡುವ ಆಸ್ಪತ್ರೆಯ ಭೌತವಿಜ್ಞಾನಿಯ ಕೋಣೆಯ ಮುಂದೆ ಹೋಗಿ ನಿಂತೆ. ಶನಿವಾರ ಹೆಚ್ಚುವರಿಯಾಗಿ ಕೊಟ್ಟು ಸರಿದೂಗಿಸಿದರು. ಕೇಳದಿದ್ದರೂ ಕೊಡುತ್ತಿದ್ದರೋ ಏನೋ.

ಅದೇ ಹಜಾರದಲ್ಲಿ ಗಂಟಲು ಕ್ಯಾನ್ಸರಿನ ಒಬ್ಬರು ಬರುತ್ತಿದ್ದರು. ಮುಖಕ್ಕೆ ಅಚ್ಚಿನ ಮುಖವಾಡ ಕಟ್ಟಿಸಿಕೊಂಡು ರೇಡಿಯೇಷನ್ ಮುಗಿಸಿ ಹೊರಬಂದ ಕೂಡಲೇ ಪಾರ್ಕಿಂಗಿನ ಹಿಂದೆ ಹೋಗಿ ಬೀಡಿ ಹಚ್ಚುತ್ತಿದ್ದರು. ‘ರೋಗ ಬಂದಾಯಿತಲ್ಲ, ಇನ್ನು ಬಿಟ್ಟರೇನು ಬಿಡದಿದ್ದರೇನು’ ಎಂಬುದು ಅವರ ವಾದ. ಅವರ ಹೆಂಡತಿ ನನ್ನ ಪಕ್ಕ ಕೂತು ಕಣ್ಣೀರು ಹಾಕುತ್ತಿದ್ದಳು. ಬೀಡಿಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದು ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. 1993ರಲ್ಲಿ ಕೆನಡಾದ ವೈದ್ಯರು ಪ್ರಕಟ ಮಾಡಿದ ಅಧ್ಯಯನದಲ್ಲಿ, ತಲೆ-ಕುತ್ತಿಗೆ ಕ್ಯಾನ್ಸರಿಗೆ ರೇಡಿಯೇಷನ್ ನಡೆಯುವಾಗ ಸೇದುತ್ತಲೇ ಇದ್ದವರಲ್ಲಿ ಶೇಕಡ 45 ಮಂದಿಗೆ ಗಡ್ಡೆ ಪೂರ್ತಿ ಕರಗಿತ್ತು. ಸೇದದವರಲ್ಲಿ ಮತ್ತು ಬಿಟ್ಟವರಲ್ಲಿ ಶೇಕಡ 74. ಇದನ್ನು ಅವರಿಗೇ ಹೇಳಿದೆ. ‘ಬೀಡಿ ಸೇದಿ ಒಳಗೆ ಹೋದರೆ ಅರ್ಧ ಕರೆಂಟ್ ದಂಡ’ ಎಂದಾಗ ಮೊದಲ ಸಲ ಕಿವಿಗೊಟ್ಟರು. ಪೂರ್ತಿ ಬಿಟ್ಟರೋ ತಿಳಿಯದು. ಹೆಂಡತಿ ಬೀಡಿಯ ಕಟ್ಟನ್ನು ತನ್ನ ಚೀಲಕ್ಕೆ ಸೇರಿಸಿಕೊಂಡದ್ದನ್ನಂತೂ ಕಂಡೆ.

ಸಿಸ್ಪ್ಲಾಟಿನ್ ಕೊಡುವ ದಿನ ಸಲೈನಿನ ಬಾಟಲಿಗಳ ನಡುವೆಯೇ ಹೊತ್ತು ಮುಳುಗುತ್ತಿತ್ತು, ವಾಂತಿಯ ವರ್ಣನೆ ಬೇಡ. ಅದು ಅಸ್ಥಿಮಜ್ಜೆಯನ್ನೂ ಹಿಂಡುವುದರಿಂದ ಮೂರನೆಯ ವಾರದಲ್ಲಿ ಹಿಮೋಗ್ಲೋಬಿನ್ ಮತ್ತೆ ಒಂಬತ್ತರ ಹತ್ತಿರಕ್ಕೆ ಇಳಿಯಿತು. ವಾರವಾರ ರಕ್ತ ಪರೀಕ್ಷೆ ಮಾಡುವುದು ಇದಕ್ಕೇ. ಮತ್ತೆ ಒಂದು ಚೀಲ.

ಇಂಗ್ಲೆಂಡಿನಲ್ಲಿರುವ ಅಕ್ಕನ ಮಗಳು ‘ಇಲ್ಲಿ ಗಡ್ಡೆಗೆ ಆಮ್ಲಜನಕ ಕೊಡಲು ಗ್ಯಾಸನ್ನೇ ಉಸಿರಾಡಿಸುತ್ತಾರಂತೆ ಚಿಕ್ಕಮ್ಮ’ ಎಂದು ಒಂದು ಲೇಖನ ಕಳಿಸಿದಳು. ನಿಜ. ಮೂತ್ರಕೋಶದ ಕ್ಯಾನ್ಸರಿನವರಿಗೆ 98 ಭಾಗ ಆಮ್ಲಜನಕ, 2 ಭಾಗ ಇಂಗಾಲದ ಡೈ ಆಕ್ಸೈಡ್ ಬೆರೆಸಿದ ಕಾರ್ಬೋಜನ್ ಅನಿಲವನ್ನು ಕಿರಣ ಕೊಡುವಾಗಲೇ ಉಸಿರಾಡಿಸಿ, ಜೊತೆಗೆ ನಿಕೋಟಿನಮೈಡ್ ಎಂಬ ವಿಟಮಿನ್ ಮಾತ್ರೆ ಕೊಟ್ಟರು. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೂರು ವರ್ಷದ ಮೇಲೆ ಬದುಕಿದ್ದವರು ಶೇಕಡ 59. ಬರೀ ಕಿರಣ ಪಡೆದವರಲ್ಲಿ ಶೇಕಡ 46. ಅನಿಲ ಮೂಗಿಗೆ ಬರುವುದಕ್ಕೂ ಕಿರಣ ಬೀಳುವುದಕ್ಕೂ ನಡುವೆ ಬಿಡುವಿಲ್ಲ ಎಂಬುದನ್ನು ಗಮನಿಸಿ, ಕಾನ್ಸಂಟ್ರೇಟರಿಗೂ ಇದಕ್ಕೂ ಅಷ್ಟೇ ವ್ಯತ್ಯಾಸ. ಡೆನ್ಮಾರ್ಕಿನಲ್ಲಿ ಗಂಟಲು ಕ್ಯಾನ್ಸರಿನವರಿಗೆ ನಿಮೊರಜೋಲ್ ಮಾತ್ರೆಯನ್ನು ಪ್ರತಿ ರೇಡಿಯೇಷನ್ನಿಗೆ ಮುಂಚೆ ಕೊಡುತ್ತಾರೆ. ಅದು ಉಸಿರುಗಟ್ಟಿದ ಕೋಶದೊಳಗೆ ಹೋಗಿ ಆಮ್ಲಜನಕದ ಪಾತ್ರ ವಹಿಸುತ್ತದೆ. ಬ್ರಿಟನ್ನಿನಲ್ಲಿ ಅದನ್ನೇ ಪರೀಕ್ಷಿಸಿದಾಗ ಲಾಭ ಕಾಣಲಿಲ್ಲ. ನೆದರ್ಲೆಂಡ್ಸಿನಲ್ಲಿ ಗರ್ಭಕಂಠದ ಗಡ್ಡೆಯನ್ನು ಕಾಯಿಸಿ ರಕ್ತದ ಹರಿವು ಹೆಚ್ಚಿಸುವ ವಿಧಾನವೂ ಇದೆ. ನಮ್ಮ ತಜ್ಞೆಗೆ ಇವೆಲ್ಲ ಗೊತ್ತಿತ್ತು. ‘ನಿಮಗೆ ಸಿಸ್ಪ್ಲಾಟಿನ್ನೂ ರಕ್ತವೂ ಸಾಕು, ಮೊದಲು ಇರುವುದನ್ನು ತಪ್ಪದೆ ಮುಗಿಸೋಣ’ ಎಂದರು.

ಉಳಿದದ್ದು ಒಳಗಿನ ರೇಡಿಯೇಷನ್. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ, ಗರ್ಭಕೋಶದೊಳಕ್ಕೆ ಒಂದು ಸಣ್ಣ ಲೋಹದ ಕೊಳವೆ, ಅದರ ಎರಡೂ ಪಕ್ಕಕ್ಕೆ ಇನ್ನೆರಡು ಇರಿಸಿ, ಕದಲದಂತೆ ಗಾಜ್ ತುಂಬಿ, ಸ್ಕ್ಯಾನ್ ಮಾಡಿ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಮುಗಿಯುವವರೆಗೆ ಕಾಲು ಅಲುಗಿಸದೆ ಮಲಗಿರುವುದೇ ಇಡೀ ಚಿಕಿತ್ಸೆಯ ಅತಿ ಕಷ್ಟದ ಭಾಗ. ಆಮೇಲೆ ಒಂಟಿ ಕೋಣೆ, ಗೋಡೆಯಲ್ಲಿ ಕ್ಯಾಮೆರಾ, ಯಂತ್ರದಿಂದ ಕೇಬಲ್ಲಿನ ತುದಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಇರಿಡಿಯಂ-192 ತುಣುಕು ಕೊಳವೆಯೊಳಗೆ ಬಂದು, ಅಲ್ಲಲ್ಲಿ ನಿಂತು, ವಾಪಸ್ಸು ಹೋಗುತ್ತದೆ. ಟಿಕ್ ಟಿಕ್ ಸದ್ದು ಬಿಟ್ಟರೆ ಏನೂ ಇಲ್ಲ. ಗಡ್ಡೆಯ ನಡುವೆಯೇ ಕುಳಿತು ಬೆಳಗುವುದರಿಂದ ಅಲ್ಲಿ ಬೀಳುವ ಪ್ರಮಾಣ ಹೊರಗಿನಿಂದ ಕೊಡಲು ಸಾಧ್ಯವೇ ಇಲ್ಲದಷ್ಟು. ಆಮ್ಲಜನಕ ಸಿಗದೆ ಇನ್ನೂ ಮೊಂಡು ಹಿಡಿದವು ಯಾವುದಾದರೂ ಉಳಿದಿದ್ದರೆ ಅವುಗಳ ಪಾಲಿಗೆ ಇದೇ ಕೊನೆ. ದೂರ ಹೋದಂತೆ ಪ್ರಮಾಣ ಕಡಿದಾಗಿ ಇಳಿಯುವುದರಿಂದ ಮೂತ್ರಕೋಶ, ಗುದನಾಳ ಬಚಾವು.

ಮೂರು ತಿಂಗಳ ಮೇಲಿನ ಎಂಆರ್‌ಐಯಲ್ಲಿ ಗಡ್ಡೆ ಕಾಣಲಿಲ್ಲ. ಹಿಮೋಗ್ಲೋಬಿನ್ 11.4, ಕಬ್ಬಿಣದ ಮಾತ್ರೆ ಮುಂದುವರಿದಿದೆ, ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗಬೇಕು. ಖಾರ ತಿಂದರೆ ಹೊಟ್ಟೆ ಸುಮ್ಮನಿರುವುದಿಲ್ಲ. ಶಾಲೆಗೆ ಹೋಗುತ್ತಿದ್ದೇನೆ. ಹೋದ ವಾರ ಆ ಓಜೋನ್ ಕೇಂದ್ರದ ವಿನಯವಂತ ಹುಡುಗ ಮತ್ತೆ ಫೋನ್ ಮಾಡಿ ಆರೋಗ್ಯ ವಿಚಾರಿಸಿದ. ಗಡ್ಡೆ ಹೋಯಿತಪ್ಪ ಎಂದೆ. ‘ತುಂಬ ಸಂತೋಷ ಮೇಡಂ, ಮತ್ತೆ ಬರದ ಹಾಗೆ ತಡೆಯುವುದಕ್ಕೂ ನಮ್ಮಲ್ಲಿ ಪ್ಯಾಕೇಜ್ ಇದೆ’ ಎಂದ. ನಿನ್ನ ಹಿಮೋಗ್ಲೋಬಿನ್ ಎಷ್ಟಿದೆ, 12.5 ಇದ್ದರೆ ನಮ್ಮ ರಕ್ತನಿಧಿಗೆ ಬಂದು ಒಂದು ಚೀಲ ಕೊಟ್ಟು ಹೋಗು ಎಂದೆ. ಲೈನ್ ಕಟ್ಟಾಯಿತು.